ತೂಕಕ್ಕೆ ಕೊಂಡ ಕಹಳೆ

ಅಫಜಲಪುರದಲ್ಲಿ ನಾವು ಮನೆ ಕಟ್ಟಿಸಿಕೊಂಡು ನೆಲೆಸಿದಂದಿನಿಂದ ನೆರೆಹೊರೆಯವರಿಗೆ ನಮ್ಮಿಂದ ಯಾವ ಉಪದ್ರವವೂ ಆಗಿರಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆವು. 2022ನೆಯ ಇಸವಿಯ ಆಷಾಢ ಮಾಸದ ಒಂದು ಬೆಳಗಿನಲ್ಲಿ ಆ ಕೀರ್ತಿಯು ಅಳಿದುಹೋಯಿತು. ಸೂರ್ಯೋದಯಕ್ಕೆ ಮುಂಚೆಯೇ ನಮ್ಮ ಪಡಸಾಲೆಯಿಂದ, ಕರುವನ್ನು ಕಳೆದುಕೊಂಡ ಎಮ್ಮೆಯು ಕೂಗಿದಂತಹ ಒಂದು ಧ್ವನಿಯು ಹೊರಟು, ಓಣಿಯ ನಾಯಿಗಳೆಲ್ಲವೂ ಅದಕ್ಕೆ ಉತ್ತರ ಕೊಡತೊಡಗಿದವು. ಎದುರುಮನೆಯ ಅಜ್ಜಿಯವರು ಕೈಯೊಳಗಿನ ಕಸಬರಿಗೆಯನ್ನು ಕೆಳಗಿಡದೆಯೇ ನಮ್ಮ ಬಾಗಿಲಿಗೆ ಬಂದು, "ಆಷಾಢದಾಗ ಯಾರ ಮನ್ಯಾಗ ಲಗ್ನ ಇಟ್ಟಾರ್ರೀ ಸರ? ನಮಗ ಹೇಳಿಕೀನೇ ಬಂದಿಲ್ಲಲ್ಲ!" ಎಂದು ಕೇಳಿದರು.

ಆ ಧ್ವನಿಯನ್ನು ಹೊರಡಿಸಿದವರು ನಾವೇ. ಶಾಲೆಯ ಕೆಲಸದಿಂದ ನಿವೃತ್ತರಾದ ಮರುವರ್ಷ, ಅರುವತ್ತೊಂದನೆಯ ವಯಸ್ಸಿನಲ್ಲಿ, ನಾಲ್ವತ್ತೆರಡು ವರ್ಷ ತುಟಿಗೆ ಮುಟ್ಟಿಸದ ಕಹಳೆಯನ್ನು ನಾವು ಮತ್ತೆ ಹಿಡಿದಿದ್ದೆವು. ಕಹಳೆಯೆಂದರೆ ಗುಡಿಗಳ ಮುಂದೆ ಊದುವ ಬಾಗಿದ ಕೊಂಬಲ್ಲ. ಲಗ್ನದ ಬ್ಯಾಂಡಿನವರು ಮೂರು ಗುಂಡಿಗಳನ್ನು ಒತ್ತುತ್ತ ನುಡಿಸುವ, ಟ್ರಂಪೆಟ್ ಎಂಬ ಹೆಸರಿನ ಹಿತ್ತಾಳೆಯ ವಾದ್ಯ. ಇಷ್ಟು ವಯಸ್ಸಾದ ಗೃಹಸ್ಥರಿಗೆ ಈ ಬುದ್ಧಿ ಏಕೆ ಬಂದಿತೆಂದು ವಾಚಕರು ಕೇಳಬಹುದು. ಅದನ್ನು ಹೇಳಬೇಕಾದರೆ ಜೇವರ್ಗಿಯ ನಮ್ಮ ಹಳೆಯ ಮನೆಯ ಅಟ್ಟವನ್ನು ಹತ್ತಬೇಕಾಗುತ್ತದೆ.

ನಮ್ಮ ಮಾತೋಶ್ರೀಯವರು ತೀರಿಕೊಂಡ ಬಳಿಕ ಆ ಮನೆಯಲ್ಲಿ ದೀಪ ಹಚ್ಚುವವರು ಯಾರೂ ಉಳಿಯಲಿಲ್ಲ. ಅಣ್ಣತಮ್ಮಂದಿರು ಕೂಡಿ ಮನೆಯನ್ನು ಮಾರುವುದೆಂದು ನಿಶ್ಚಯವಾಗಿ, 2022ರ ಬೇಸಿಗೆಯಲ್ಲಿ ಸಾಮಾನುಗಳನ್ನು ಇಳಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಅಟ್ಟದ ಮೂಲೆಯಲ್ಲಿ ತೀರ್ಥರೂಪರ ಕಬ್ಬಿಣದ ಟ್ರಂಕು ಇತ್ತು. ಅವರು ನಿಜಾಮರ ಆಳಿಕೆಯಲ್ಲಿ ಉರ್ದುವಿನಲ್ಲಿ ಓದಿ, 1948ರ ತರುವಾಯ ಕನ್ನಡ ಶಾಲೆಯ ಮಾಸ್ತರರಾದವರು. ಆದಕಾರಣ ಟ್ರಂಕಿನ ಮೇಲ್ಭಾಗದಲ್ಲಿ ಉರ್ದು ಪ್ರಮಾಣಪತ್ರಗಳೂ, ಅವುಗಳ ಕೆಳಗೆ ಕನ್ನಡದ ಹಾಜರಿ ಪುಸ್ತಕಗಳೂ, ಹೊಲದ ಕಂದಾಯದ ಪಾವತಿಗಳೂ ಇದ್ದವು. ಎಲ್ಲಕ್ಕೂ ತಳದಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಒಂದು ಗಂಟು. ಬಿಚ್ಚುವ ಮುನ್ನವೇ, ಹಿಡಿದ ಕೈಗೆ ಅದೇನೆಂಬುದು ತಿಳಿಯಿತು. ಕೆಳಗೆ ನಿಂತಿದ್ದ ತಮ್ಮನು, "ಭಾಂಡೆ ಏನಾದರೂ ಸಿಕ್ಕಾವೇನು?" ಎಂದು ಕೂಗುತ್ತಿದ್ದನು. ನಾವು ಅಟ್ಟದ ಮೇಲೆಯೇ ಬಹಳ ಹೊತ್ತು ಕುಳಿತುಕೊಂಡೆವು. ಏಕೆಂದರೆ ಆ ಟ್ರಂಪೆಟನ್ನು ಮಾರಿಬಿಟ್ಟೆನೆಂದು 1980ರಲ್ಲಿ ತೀರ್ಥರೂಪರು ತಮ್ಮ ಬಾಯಿಂದಲೇ ನಮಗೆ ಹೇಳಿದ್ದರು.

ನಮ್ಮ ಬಾಲ್ಯದಲ್ಲಿ, ಮನೆಯ ಹಿಂದಿನ ಬಯಲಲ್ಲಿ ಒಂದು ಬೇವಿನ ಮರವಿತ್ತು. ಲಗ್ನದ ಸುಗ್ಗಿ ಇಲ್ಲದ ದಿನಗಳಲ್ಲಿ ಒಂದು ಬ್ಯಾಂಡಿನವರು ಸಂಜೆಗೆ ಅದರ ಕೆಳಗೆ ಕೂಡಿ ತಾಲೀಮು ಮಾಡುತ್ತಿದ್ದರು. ಅವರ ಮುಖ್ಯಸ್ಥರನ್ನು ಎಲ್ಲರೂ ಉಸ್ತಾದರೆಂದೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆಯುತ್ತೇವೆ. 1974ರಲ್ಲಿ ಹದಿಮೂರು ವರ್ಷದ ಹುಡುಗರಾಗಿದ್ದ ನಾವು ದಿನವೂ ಕಲ್ಲಿನ ಮೇಲೆ ಕುಳಿತು ಕೇಳುವುದನ್ನು ನೋಡಿ, ಅವರೇ ಒಂದು ದಿನ ಹತ್ತಿರಕ್ಕೆ ಕರೆದರು. ಆರಂಭದಲ್ಲಿ ವಾದ್ಯವನ್ನು ಕೊಡಲೇ ಇಲ್ಲ. ತುಟಿಗಳನ್ನು ಮುಚ್ಚಿಕೊಂಡು ಅವುಗಳ ನಡುವಿನಿಂದ ಗಾಳಿಯನ್ನು ಹೊರಡಿಸಿ, ಜೇನ್ನೊಣ ಗುಂಯ್‌ಗುಟ್ಟಿದಂತೆ ನಡುಗಿಸುವುದನ್ನು ಒಂದು ತಿಂಗಳು ಮಾಡಿಸಿದರು. ಆಮೇಲೆ ಬಟ್ಟಲಿನಾಕಾರದ ಮೌತ್‌ಪೀಸನ್ನು ಮಾತ್ರ ಕೊಟ್ಟರು. ಸ್ವರವನ್ನು ಆರಂಭಿಸುವಾಗ ನಾಲಗೆಯನ್ನು ಹೇಗೆ ಆಡಿಸಬೇಕೆಂಬುದಕ್ಕೆ ಅವರು ಕೊಟ್ಟ ಉಪಮಾನವು ನಮ್ಮ ಹೊಲದ್ದೇ ಆಗಿತ್ತು: ಸೀತನಿ ತಿನ್ನುವಾಗ ನಾಲಗೆಯ ತುದಿಗೆ ಜೋಳದ ಹೊಟ್ಟು ಅಂಟಿದರೆ ಅದನ್ನು ಹೇಗೆ 'ತು' ಎಂದು ಹಾರಿಸುತ್ತೇವೆಯೋ ಹಾಗೆ, ಹೆಚ್ಚೂ ಅಲ್ಲ, ಕಡಮೆಯೂ ಅಲ್ಲ. ನಾವು ಮುಂದೆ ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇವೆ. ಇಷ್ಟು ಚೊಕ್ಕವಾದ ಉಪಮಾನವು ನಮಗೆ ಒಮ್ಮೆಯೂ ಹೊಳೆದಿಲ್ಲ.

ವಾದ್ಯದ ಗುಟ್ಟು ಇಷ್ಟೇ. ಐದಡಿಗೆ ತುಸು ಕಡಮೆಯಾದ ಒಂದು ಹಿತ್ತಾಳೆಯ ಕೊಳವೆ. ಅದನ್ನು ಸುತ್ತಿ ಕೈಗೆ ಒಗ್ಗುವಂತೆ ಮಾಡಿರುತ್ತಾರೆ. ಗುಂಡಿ ಒತ್ತದೆ ಊದಿದರೆ ತುಟಿಯ ಬಿಗಿತಕ್ಕೆ ತಕ್ಕಂತೆ ಷಡ್ಜ, ಪಂಚಮ, ಮೇಲಿನ ಷಡ್ಜ, ಗಾಂಧಾರ ಹೀಗೆ ಕೆಲವೇ ಸ್ವರಗಳು ಬರುತ್ತವೆ. ನಮ್ಮ ಕೊಂಬು ಕಹಳೆಗಳಿಗೂ ಇದೇ ನಿಯಮ. ಅದರಿಂದಲೇ ಅವು ದೇವರ ಉತ್ಸವಕ್ಕೆ ಗಾಂಭೀರ್ಯವನ್ನು ಕೊಡಬಲ್ಲವೇ ಹೊರತು ಹಾಡನ್ನು ಹಾಡಲಾರವು. 1810ರ ಬಳಿಕ ಜರ್ಮನಿಯ ವಾದ್ಯಗಾರರು ಗುಂಡಿಗಳ ಉಪಾಯವನ್ನು ಹೂಡಿದರು. ಒಂದು ಗುಂಡಿ ಒತ್ತಿದರೆ ಗಾಳಿಯು ಮತ್ತೊಂದು ಚಿಕ್ಕ ಕೊಳವೆಯನ್ನು ಸುತ್ತಿ ಬರುತ್ತದೆ, ಸ್ವರ ಇಳಿಯುತ್ತದೆ. ಮೂರು ಗುಂಡಿಗಳನ್ನು ಬೇರೆ ಬೇರೆಯಾಗಿಯೂ ಕೂಡಿಸಿಯೂ ಒತ್ತಿದರೆ ನಡುವಣ ಸ್ವರಗಳೆಲ್ಲ ದೊರೆಯುತ್ತವೆ. ಹಾಗೆ ಆದ ಮೇಲೆಯೇ ಈ ವಾದ್ಯವು ಪಲ್ಟಣಗಳಿಂದ ಹೊರಬಿದ್ದು ಲಗ್ನದ ಮೆರವಣಿಗೆಗೂ, ಮುಂಬಯಿಯ ಸಿನೆಮಾ ಸಂಗೀತಕ್ಕೂ ಒಗ್ಗಿತು. ಚಿಕ್ ಚಾಕಲೇಟ್ ಎಂಬ ಬಿರುದಿನ, ಗೋವೆಯಲ್ಲಿ ಹುಟ್ಟಿದ ಆಂತೋನಿಯೋ ವಾಜ್ ಎಂಬವರು ಮುಂಬಯಿಯಲ್ಲಿ ಟ್ರಂಪೆಟ್ ನುಡಿಸಿ ಹೆಸರಾದವರು. ಅಂಥವರ ಗತ್ತನ್ನು ರೇಡಿಯೋದಲ್ಲಿ ಕೇಳಿ ಕೇಳಿಯೇ ನಮ್ಮ ಉಸ್ತಾದರು ಕಲಿತಿದ್ದರು. ಸ್ವರಲಿಪಿಯನ್ನು ಅವರು ಓದಲಾರರು. ಒಮ್ಮೆ ಕೇಳಿದ ಹಾಡನ್ನು ಮರೆಯಲಾರರು.

ಐದು ವರ್ಷ ಕಲಿತೆವು. ತೀರ್ಥರೂಪರಿಗೆ ಇದು ತಿಳಿದಿತ್ತು. ಹುಡುಗರ ಆಟವೆಂದು ಸುಮ್ಮನಿದ್ದರು. ಉಸ್ತಾದರು ತಮ್ಮಲ್ಲಿದ್ದ ಒಂದು ಟ್ರಂಪೆಟನ್ನು ನಮ್ಮ ಕೈಯಲ್ಲಿಯೇ ಬಿಟ್ಟಿದ್ದರು. ಆದರೆ ಬ್ಯಾಂಡಿನ ಸಂಗಡ ನಾವು ಊರೂರಿಗೆ ಹೋಗತೊಡಗಿದ್ದೇವೆಂಬುದನ್ನು ಮನೆಯಲ್ಲಿ ಹೇಳಿರಲಿಲ್ಲ. ಸ್ನೇಹಿತನ ಊರಿಗೆ ಹೋಗುತ್ತೇವೆಂದು ಸುಳ್ಳು ಹೇಳಿ ಹೋಗುತ್ತಿದ್ದೆವು.

1980ರ ವೈಶಾಖದಲ್ಲಿ ಆಳಂದದಲ್ಲಿ ಒಂದು ದೊಡ್ಡ ಲಗ್ನ. ಕೆಂಪು ಕೋಟು, ಜರತಾರಿ ಅಂಚಿನ ಟೋಪಿ ತೊಟ್ಟು ಎರಡನೆಯ ಸಾಲಿನಲ್ಲಿ ನಾವು ನಿಂತಿದ್ದೆವು. ಕೋಟು ನಮ್ಮದಲ್ಲ; ಜ್ವರ ಬಂದು ಮಲಗಿದ್ದ ಮತ್ತೊಬ್ಬನದು. ತೋಳು ಉದ್ದವಾಗಿ ಬೆರಳುಗಳನ್ನು ಮುಚ್ಚುತ್ತಿತ್ತು. ವರನ ಮೆರವಣಿಗೆ ಪೇಟೆಯನ್ನು ದಾಟಿ ಮಂಟಪದ ಹತ್ತಿರಕ್ಕೆ ಬರುವಾಗ, ಎದುರುಗೊಳ್ಳಲು ನಿಂತ ಹಿರಿಯರ ನಡುವೆ ತೀರ್ಥರೂಪರು ಕಾಣಿಸಿದರು. ಕನ್ಯೆಯ ಕಡೆಯವರಿಗೆ ಅವರ ಪರಿಚಯವಿದ್ದುದು ನಮಗೆ ತಿಳಿದಿರಲಿಲ್ಲ. ನಾವು ಊದುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಹಾಡು ಕೆಡುತ್ತಿತ್ತು. ಅವರು ನಮ್ಮನ್ನು ನೋಡಿದರು, ನೆಲವನ್ನು ನೋಡಿದರು, ಅಕ್ಷತೆ ಹಾಕಿದರು, ಆಯೇರಿ ಕೊಟ್ಟರು, ಊಟ ಮಾಡದೆ ಹೊರಟುಹೋದರು. ಬ್ಯಾಂಡಿನವರಿಗೆ ಎಂದಿನಂತೆ ಮಂಟಪದ ಹಿಂದೆ, ಕಟ್ಟಿಗೆಯ ರಾಶಿಯ ಹತ್ತಿರ ಬೇರೆಯಾಗಿ ಬಡಿಸಿದರು. ಆ ದಿನದ ಗೋಧಿಹುಗ್ಗಿಯ ರುಚಿ ನಮಗೆ ನೆನಪಿಲ್ಲ.

ಆ ಕಾಲದ ನಮ್ಮಂತಹ ಮನೆತನಗಳ ಮನಸ್ಸನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಲಗ್ನಕ್ಕೆ ಬ್ಯಾಂಡು ಬೇಕು, ಬ್ಯಾಂಡಿನವನು ಪಂಕ್ತಿಗೆ ಬೇಡ. ಊದುವವರ ಕುಲ ಬೇರೆ, ಕೇಳುವವರ ಕುಲ ಬೇರೆ ಎಂಬ ತಿಳಿವಳಿಕೆಯಲ್ಲಿಯೇ ತೀರ್ಥರೂಪರೂ ಬೆಳೆದಿದ್ದರು. ಅವರೊಬ್ಬರನ್ನೇ ದೂರುವುದೇಕೆ? ನಾವು ಸುಳ್ಳು ಹೇಳಿ ಹೋಗುತ್ತಿದ್ದುದೂ ಅದೇ ತಿಳಿವಳಿಕೆಯಿಂದಲೇ ಅಲ್ಲವೇ?

ಮರುದಿನ ಮಧ್ಯಾಹ್ನ ನಾವು ಜೇವರ್ಗಿಗೆ ಮುಟ್ಟಿ, ಸಾಮಾನನ್ನಿಟ್ಟು ಮಲಗಿ ಎದ್ದೆವು. ಅದರ ಮರುದಿನ ಬೆಳಿಗ್ಗೆ ಗೂಟದ ಮೇಲೆ ಟ್ರಂಪೆಟ್ ಇರಲಿಲ್ಲ. "ಮಾರಿದೆ. ನಿನ್ನ ತರಬೇತಿ ಶಾಲೆಯ ಅರ್ಜಿ ಮೇಜಿನ ಮೇಲೆ ಇದೆ, ಸಹಿ ಮಾಡು" ಎಂದರು. ಅಷ್ಟೇ ಮಾತು. ಸಹಿ ಮಾಡಿದೆವು. ಉಸ್ತಾದರ ವಾದ್ಯವನ್ನು ಕಳೆದವರಾದೆವಲ್ಲಾ ಎಂಬ ಲಜ್ಜೆಯಿಂದ ಅವರ ಕಣ್ಣಿಗೆ ಬೀಳದಂತೆ ಬೇವಿನ ಮರದ ದಾರಿಯನ್ನೇ ಬಿಟ್ಟೆವು. ಮುಂದೆ ಆಳಂದದಲ್ಲಿಯೇ ಹತ್ತೊಂಬತ್ತು ವರ್ಷ ಸೇವೆ ಮಾಡುವ ಯೋಗ ಬಂದಿತು. ಲಾಡಲೆ ಮಶಾಯಿಖರ ದರ್ಗಾದ ಉರುಸಿನಲ್ಲಿ, ಲಗ್ನದ ತಿಂಗಳುಗಳಲ್ಲಿ, ಬ್ಯಾಂಡಿನ ಸದ್ದು ಕೇಳಿದಾಗಲೆಲ್ಲ ಬಲಗೈಯ ಮೂರು ಬೆರಳುಗಳು ತಮ್ಮಷ್ಟಕ್ಕೆ ತಾವೇ ಪಂಚೆಯ ಮೇಲೆ ಆಡುತ್ತಿದ್ದವು. ಮನೆಯವರು ಇದನ್ನು ನೋಡಿ ವಾತದ ಲಕ್ಷಣವೆಂದು ಬಹಳ ದಿನ ತಿಳಿದಿದ್ದರು.

ಹೀಗಿರಲು, ಅಟ್ಟದಿಂದ ಇಳಿದ ವಾದ್ಯವನ್ನು ಅಫಜಲಪುರಕ್ಕೆ ತಂದು ಊದಲೆತ್ನಿಸಿದ್ದೇ ಆಷಾಢದ ಆ ಗದ್ದಲ. ವಾದ್ಯದ ದೆಸೆ ಹೇಳತೀರದು. ಮೂರು ಪಿಸ್ಟನ್ನುಗಳಲ್ಲಿ ಎರಡು ಕಿಲುಬಿನಿಂದ ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಬಿಟ್ಟು, ಹೊಲಿಗೆಯಂತ್ರದ ಎಣ್ಣೆ ಬಿಟ್ಟು ಎಂಟು ದಿನಕ್ಕೆ ಅವನ್ನು ಅಲುಗಿಸಿದೆವು. ಕೊಳವೆಯ ಮೈಮೇಲೆ ಅಲ್ಲಲ್ಲಿ ಕೆಂಪು ಮಚ್ಚೆಗಳು; ಹಿತ್ತಾಳೆಯೊಳಗಿನ ಸತುವು ಕರಗಿಹೋಗಿ ತಾಮ್ರ ಮಾತ್ರ ಉಳಿದರೆ ಹೀಗಾಗುತ್ತದೆ, ಬೆರಳಿನಿಂದ ಒತ್ತಿದರೆ ತೂತು ಬೀಳುವಷ್ಟು ಮೆತ್ತಗಾಗುತ್ತದೆ. ಗಾಳಿಯು ಐದಾರು ಕಡೆ ಸೋರುತ್ತಿತ್ತು.

ಆದರೆ ದೋಷವು ವಾದ್ಯದ್ದೊಂದೇ ಆಗಿರಲಿಲ್ಲ. ತುಟಿಯ ಸುತ್ತಲಿನ ಮಾಂಸಖಂಡಗಳು ನಾಲ್ವತ್ತೆರಡು ವರ್ಷ ಊಟಕ್ಕೂ ಪಾಠಕ್ಕೂ ಮಾತ್ರ ದುಡಿದಿದ್ದವು. ಐದು ನಿಮಿಷಕ್ಕೆ ಅವು ಕೈಬಿಡುತ್ತಿದ್ದವು. ಗಾಳಿ ಕೆನ್ನೆಯ ಮೂಲೆಯಿಂದ ಹಾರಿಹೋಗುತ್ತಿತ್ತು. ಕೆಳಗಿನ ನಾಲ್ಕೈದು ಸ್ವರಗಳನ್ನು ಬಿಟ್ಟರೆ ಮೇಲಕ್ಕೆ ಹೋಗಲು ಸಾಧ್ಯವೇ ಆಗಲಿಲ್ಲ. ಬೇಕೆಂದ ಸ್ವರ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿದೆ, ಬೆರಳುಗಳಿಗೆ ದಾರಿ ಗೊತ್ತಿದೆ, ತುಟಿಯೊಂದು ಕುಂಟುತ್ತಿದೆ. ಓಣಿಯವರ ಕಾಟ ತಪ್ಪಿಸಲು ನಸುಕಿನಲ್ಲಿ ಊರಹೊರಗಿನ ತೊಗರಿಯ ಹೊಲಕ್ಕೆ ಹೋಗತೊಡಗಿದೆವು. ತೊಗರಿ ಎದೆಯುದ್ದ ಬೆಳೆದ ಮೇಲೆ ನಾವು ಯಾರಿಗೂ ಕಾಣಿಸುತ್ತಿರಲಿಲ್ಲ. ಹೊಲದಿಂದ ಹಂದಿಗಳನ್ನು ಓಡಿಸುವ ಹೊಸ ಉಪಾಯವಿದೆಂದು ಹೊಲದ ಯಜಮಾನರು ಸಂತೋಷಪಟ್ಟರು.

ಆ ಮೇಲೆ ಎಲ್ಲರೂ ಮಾಡುವ ತಪ್ಪನ್ನು ನಾವೂ ಮಾಡಿದೆವು. ಹೊಸ ವಾದ್ಯ ಕೊಂಡರೆ ಎಲ್ಲವೂ ಸರಿಯಾದೀತೆಂದು, ದೂರದ ದೊಡ್ಡ ಪಟ್ಟಣವೊಂದರ ಅಂಗಡಿಗೆ ಹೋಗಿ, ಕನ್ನಡಿಯಂತೆ ಹೊಳೆಯುವ ಒಂದನ್ನು ತಂದೆವು. ಹೊಳಪನ್ನು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ನಡುವಿನ ಗುಂಡಿ ಒತ್ತಿದರೆ ಮೇಲಕ್ಕೆ ಏಳಲು ಯೋಚಿಸುತ್ತಿತ್ತು. ಮೇಲಿನ ಷಡ್ಜವು ಕೆಳಗಿನ ಷಡ್ಜಕ್ಕೆ ಸಂಬಂಧಿಕನೇ ಅಲ್ಲವೆಂಬಂತೆ ನುಡಿಯುತ್ತಿತ್ತು. ಎರಡು ತಿಂಗಳಲ್ಲಿ ಹೊಳಪೂ ಸುಲಿಯಿತು. ಬಳಿಕ, ಬ್ಯಾಂಡಿನಲ್ಲಿ ನೌಕರಿ ಮಾಡಿ ನಿವೃತ್ತರಾದ ಪರಿಚಯಸ್ಥರೊಬ್ಬರು ತಮ್ಮ ಜಪಾನಿನ ಟ್ರಂಪೆಟನ್ನು ಹದಿನೈದು ದಿನ ನಮ್ಮಲ್ಲಿ ಬಿಟ್ಟರು. ಅದು ನಿಜಕ್ಕೂ ಒಳ್ಳೆಯ ವಾದ್ಯ. ಆದರೆ ತರುಣನ ಉಸಿರನ್ನು ಬೇಡುವ ವಾದ್ಯ. ಅದನ್ನು ಎತ್ತಿ ಹಿಡಿದರೆ ಎಡಭುಜ ಹತ್ತು ನಿಮಿಷಕ್ಕೆ ನೋಯುತ್ತಿತ್ತು. ಇತ್ತ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಅಲುಗಾಡತೊಡಗಿತು. ಕಲಬುರಗಿಯ ದಂತವೈದ್ಯರು ನೋಡಿ, ವಾದ್ಯವನ್ನು ಹೀಗೆ ತುಟಿಗೆ ಒತ್ತುತ್ತಿದ್ದರೆ ಹಲ್ಲು ವರ್ಷವೊಂದನ್ನು ಕಾಣಲಾರದೆಂದೂ, ಅದು ಹೋದರೆ ಊದುವುದು ನಿಂತಂತೆಯೇ ಎಂದೂ ಹೇಳಿದರು. ಮನೆಯವರು ಆ ದಿನ ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕಟಕ ರೊಟ್ಟಿಗೆ ಬದಲಾಗಿ ಮೆತ್ತಗಿನ ಬಿಸಿರೊಟ್ಟಿಯನ್ನು ಬಡಿಸುತ್ತ, "ಕಲಿಸಿದವರು ಬದುಕ್ಯಾರೋ ಇಲ್ಲೋ ಒಮ್ಮಿ ನೋಡಿ ಬರ್ರಿ. ಅಂಗಡಿ ತಿರುಗಿ ಏನು ಮಾಡ್ತೀರಿ?" ಎಂದರು.

ಲಜ್ಜೆಯಿಂದ ನಾಲ್ವತ್ತೆರಡು ವರ್ಷ ಮಾಡದೆ ಬಿಟ್ಟ ಕೆಲಸ ಅದೊಂದೇ ಆಗಿತ್ತು. ಮುಂದಿನ ಗುರುವಾರ ಹಳೆಯ ಟ್ರಂಪೆಟನ್ನು ಕೈಚೀಲದಲ್ಲಿಟ್ಟುಕೊಂಡು ಅಫಜಲಪುರದಿಂದ ಕಲಬುರಗಿಗೆ ಬಂದು, ಅಲ್ಲಿಂದ ಜೇವರ್ಗಿಯ ಬಸ್ಸನ್ನು ಹತ್ತಿದೆವು. ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟುವಾಗ ನದಿ ತೆಳ್ಳಗೆ ಹರಿಯುತ್ತಿತ್ತು. ಇದೇ ನದಿಯು 2020ರ ಅಕ್ಟೋಬರದಲ್ಲಿ ಉಕ್ಕಿ, ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳನ್ನು ನೀರಿನಲ್ಲಿ ನಿಲ್ಲಿಸಿತ್ತು. ಉಸ್ತಾದರು ಮಕ್ಕಳೊಡನೆ ಅಂಥದೇ ಒಂದು ಹಳ್ಳಿಯಲ್ಲಿದ್ದಾರೆಂದು ಜೇವರ್ಗಿಯಲ್ಲಿ ತಿಳಿಯಿತು.

ಎಂಬತ್ತು ದಾಟಿದ ಅವರು ಹೊರಸಿನ ಮೇಲೆ ಕುಳಿತಿದ್ದರು. ಬಾಯಲ್ಲಿ ಹಲ್ಲಿಲ್ಲ, ಕಣ್ಣು ಮಸಕು. ನಾವು ಹೆಸರು ಹೇಳುವ ಮೊದಲು, ಕೆಮ್ಮಿದ್ದನ್ನು ಕೇಳಿಯೇ, "ಮಾಸ್ತರರ ಮಗ ಅಲ್ಲೇನು?" ಎಂದರು. ಬ್ಯಾಂಡು ಎಂದೋ ನಿಂತುಹೋಗಿತ್ತು. ಈಗ ಲಗ್ನಗಳಿಗೆ ಗಾಡಿಯ ಮೇಲೆ ಹೇರಿದ ಡೀಜೆಯ ಪೆಟ್ಟಿಗೆಗಳು ಬರುತ್ತವೆ. ಹತ್ತು ಜನರ ಉಸಿರಿಗೆ ಕೊಡುವ ಹಣ ಯಾರಿಗೂ ಬೇಕಾಗಿಲ್ಲ. ಉಳಿದ ವಾದ್ಯಗಳನ್ನು ಮೂಲೆಯಲ್ಲಿ ಜೋಡಿಸಿಟ್ಟಿದ್ದರಂತೆ; ಹೊಳೆಯ ನೀರು ಬಂದು ಡೋಲುಗಳ ತೊಗಲು ಕೊಳೆತು, ಹಿತ್ತಾಳೆಯ ಕೊಳವೆಗಳೊಳಗೆ ಕೆಸರು ಸೇರಿ ಗಟ್ಟಿಯಾಯಿತು. ಇದನ್ನೆಲ್ಲ ಅವರು ಬೇರೆಯವರ ಮನೆಯ ಸುದ್ದಿಯಂತೆ ಹೇಳಿದರು.

ನಾವು ಚೀಲದಿಂದ ಟ್ರಂಪೆಟನ್ನು ತೆಗೆದು ಅವರ ಕೈಯಲ್ಲಿಟ್ಟು, ನಿಮ್ಮ ವಾದ್ಯವನ್ನು ತೀರ್ಥರೂಪರು ಕೊಡದೆ ಮುಚ್ಚಿಟ್ಟಿದ್ದರು, ಕ್ಷಮಿಸಬೇಕು ಎಂದೆವು. ಅವರು ಅದರ ಮೈಯನ್ನು ಬೆರಳುಗಳಿಂದ ಸವರಿ ನಕ್ಕರು.

"ಇದು ನನ್ನದಲ್ಲ ಬೇಟಾ. ಆಳಂದದ ಲಗ್ನ ಆದ ಮ್ಯಾಲ ನಿಮ್ಮ ಅಪ್ಪಾರು ಇದನ್ನ ತಗೊಂಡು ನಸುಕಿನ್ಯಾಗ ನನ್ನ ಮನಿಗಿ ಬಂದರು. ವಾಪಸ ಕೊಡಲಾಕ ಬಂದಾರಂತ ಕೈ ಚಾಚಿದೆ. ಕೊಡಲಿಲ್ಲ. ಇದರ ಕಿಮ್ಮತ್ತು ಎಷ್ಟು ಅಂದರು. ಮುನ್ನೂರು ಅಂದೆ. ಮೂರು ತಿಂಗಳು ನೂರು ನೂರು ತಂದು ಕೊಟ್ಟರು. ಯಾಕ ಮಾಸ್ತರ ಅಂತ ಕೇಳಿದರ, ಇದು ಬ್ಯಾರೆ ಹುಡುಗನ ಕೈಗಿ ಹೋಗೋದು ಬ್ಯಾಡ ಅಂದರು. ಅವಗ ಹೇಳಬ್ಯಾಡ ಅಂದರು. ನಾ ಹೇಳಲಿಲ್ಲ."

ಆ ಕಾಲದ ಶಾಲಾಮಾಸ್ತರರ ಸಂಬಳಕ್ಕೆ ಮುನ್ನೂರು ರೂಪಾಯಿಯೆಂದರೆ ಸಣ್ಣ ಹಣವಲ್ಲ. ತೀರ್ಥರೂಪರು ಅದರ ತರುವಾಯ ಹದಿನೆಂಟು ವರ್ಷ ಬದುಕಿದ್ದರು. ನಾವು ಪ್ರತಿ ದೀಪಾವಳಿಗೆ ಆ ಮನೆಗೆ ಹೋಗಿ, ಆ ಅಟ್ಟದ ಕೆಳಗೇ ಮಲಗುತ್ತಿದ್ದೆವು. ಒಂದು ಮಾತು ಹೇಳಬಹುದಾಗಿತ್ತು. ಹೊರಸಿನ ಪಕ್ಕದಲ್ಲಿ ಕುಳಿತು ಇದನ್ನು ಕೇಳಿದಾಗ ಕಣ್ಣು ತುಂಬಿದ್ದು ನಿಜ. ಅದರೊಡನೆಯೇ ಅವರ ಮೇಲೆ ಸಿಟ್ಟು ಬಂದುದೂ ನಿಜ. ಆ ಸಿಟ್ಟು ಇನ್ನೂ ಪೂರಾ ಇಳಿದಿಲ್ಲ.

ಉಸ್ತಾದರು ಅಷ್ಟರೊಳಗೆ ಬೇರೆ ವಿಚಾರಕ್ಕೆ ಹೋಗಿದ್ದರು. ನಾಲ್ಕು ಸ್ವರ ಊದಿಸಿ ಕೇಳಿ, ಬೆರಳಿನಿಂದ ನಮ್ಮ ಮೇಲ್ದುಟಿಯನ್ನು ಮುಟ್ಟಿ ನೋಡಿ, ಈ ವಾದ್ಯ ಸತ್ತಿದೆ, ಇದನ್ನು ಗೂಟಕ್ಕೆ ಹಾಕು ಎಂದರು. ಹಲ್ಲು ಉಳಿಯಬೇಕಾದರೆ ಕೈಯ ಬಲ ಬಿಡಬೇಕು, ಹೊಟ್ಟೆಯ ಉಸಿರು ಹಿಡಿಯಬೇಕು. ಎಷ್ಟು ಹೊತ್ತು ಊದುತ್ತೀಯೋ ಅಷ್ಟೇ ಹೊತ್ತು ಸುಮ್ಮನೆ ಕೂಡಬೇಕು. ಇನ್ನು ವಾದ್ಯ: ನಿನ್ನ ವಯಸ್ಸಿಗೆ ಟ್ರಂಪೆಟ್ ಅಲ್ಲ, ಕಾರ್ನೆಟ್ ಎಂದರು.

ಕಾರ್ನೆಟ್ ಎಂಬುದು ಟ್ರಂಪೆಟಿನ ಸೋದರವೇ. ಕೊಳವೆಯ ಉದ್ದ ಅಷ್ಟೇ, ಸ್ವರ ಅದೇ, ಗುಂಡಿಗಳೂ ಅವೇ. ಆದರೆ ಟ್ರಂಪೆಟಿನ ಕೊಳವೆಯು ಬಹು ದೂರ ಒಂದೇ ಅಗಲವಾಗಿ ಹೋಗಿ ಕೊನೆಗೆ ಅರಳಿದರೆ, ಕಾರ್ನೆಟಿನದು ಆರಂಭದಿಂದಲೇ ಮೆಲ್ಲ ಮೆಲ್ಲನೆ ಹಿಗ್ಗುತ್ತ ಹೋಗುತ್ತದೆ. ಅದರಿಂದ ಧ್ವನಿ ಈಟಿಯಂತೆ ಚುಚ್ಚದೆ ದುಂಡಗೆ ಬರುತ್ತದೆ. ಮತ್ತೊಂದು ಸುತ್ತು ಹೆಚ್ಚಾಗಿ ಸುತ್ತಿರುವುದರಿಂದ ವಾದ್ಯವು ಗಿಡ್ಡವಾಗಿ ಎದೆಯ ಹತ್ತಿರ ಇರುತ್ತದೆ, ತೋಳಿಗೆ ಭಾರವಾಗದು. ಅಮೇರಿಕೆಯ ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ಜಗತ್ಪ್ರಸಿದ್ಧರು 1913ರಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದ ಬಾಲಕರ ಸುಧಾರಣಾಲಯದಲ್ಲಿ ಕಾರ್ನೆಟನ್ನೇ ನುಡಿಸಿ ಬೆಳೆದವರು. ಟ್ರಂಪೆಟಿಗೆ ಹೋದದ್ದು ಆಮೇಲೆ. ನಾವು ತಿರುಗುಮುರುಗಾಗಿ ಹೊರಟೆವು.

ಆದರೆ ಕಾರ್ನೆಟ್ ಸಿಕ್ಕುವುದೆಲ್ಲಿ? ಅಂಗಡಿಗೆ ಹೋಗಬೇಡವೆಂದರು ಉಸ್ತಾದರು. "ಬ್ಯಾಂಡ್ ಸತ್ತಲ್ಲಿ ಬಾಜಾ ಎಲ್ಲಿ ಹೋಗ್ತಾವು? ಭಾಂಡೆ ಅಂಗಡಿಗಿ ಹೋಗ್ತಾವು. ಕಲಬುರಗಿಯಾಗ ಹಳೆ ಹಿತ್ತಾಳಿ ತಗೊಳ್ಳೋರ ಹಂತೇಲಿ ಕೇಳು. ಊದಿ ನೋಡಬ್ಯಾಡ. ನಡುವಿನ ಗುಂಡಿ ಒತ್ತದಂಗ ಅದರ ಕೊಳವಿ ಸ್ವಲ್ಪ ಹೊರಗ ಜಗ್ಗು. ಆಮ್ಯಾಲ ಗುಂಡಿ ಒತ್ತು. ಟಪ್ ಅಂದರ ತಗೋ, ಅನ್ನದಿದ್ದರ ಬಿಡು." ಪಿಸ್ಟನ್ನು ಸವೆದು ಗಾಳಿ ಸೋರುವ ವಾದ್ಯದಲ್ಲಿ ಆ ಸದ್ದು ಬರುವುದಿಲ್ಲ.

ಮೂರು ವಾರ ಅಲೆದೆವು. ನಾಲ್ಕನೆಯ ಅಂಗಡಿಯಲ್ಲಿ ಒಡೆದ ಕೊಡಗಳು, ಕುತ್ತಿಗೆಯಿಲ್ಲದ ತಂಬಿಗೆಗಳು, ಗುಡಿಯ ಗಂಟೆಯೊಂದು, ಇವುಗಳ ನಡುವೆ ಮುಖ ಕೆಳಗಾಗಿ ಬಿದ್ದಿತ್ತು. ಕಂಠದ ಮೇಲಿನ ಕೆತ್ತನೆ ಸವೆದು 'ಮೀರತ್' ಎಂಬುದೊಂದೇ ಓದಲು ಬರುತ್ತಿತ್ತು. ಆ ಪಟ್ಟಣದ ಜಲೀ ಕೋಠಿಯೆಂಬ ಕೇರಿಯು ಇಂಥ ವಾದ್ಯಗಳ ತವರು. ಅ​ಲ್ಲಿಯ ನಾದಿರ್ ಅಲಿ ಕಂಪನಿ 1885ರಷ್ಟು ಹಳೆಯದು. ನಮ್ಮ ಸೀಮೆಯ ಬ್ಯಾಂಡಿನವರಿಗೂ ವಾದ್ಯಗಳು ಬರುತ್ತಿದ್ದುದು ಹೆಚ್ಚಾಗಿ ಮೀರತ್ತಿನಿಂದಲೇ. ಅಂಗಡಿಯವರು ಪ್ರಾಮಾಣಿಕರು. "ಇದು ಮೂಕ ಅದ್ರಿ, ಯಾರು ಊದಿದರೂ ಬಾರಂಗಿಲ್ಲ" ಎಂದರು. ನಾವು ಊದಲಿಲ್ಲ. ನಡುವಿನ ಕೊಳವೆಯನ್ನು ಜಗ್ಗಿ ಗುಂಡಿ ಒತ್ತಿದೆವು. ಟಪ್ ಎಂದಿತು. ಅವರು ತಕ್ಕಡಿಯಲ್ಲಿಟ್ಟು, ತಂಬಿಗೆಗೆ ಹಾಕುವ ದರವನ್ನೇ ಹಾಕಿ, ಮೇಲೆ ಒಂದು ಮೌತ್‌ಪೀಸನ್ನು ಕೊಸರಾಗಿ ಕೊಟ್ಟರು.

ಉಸ್ತಾದರ ಮುಂದೆ ಅದನ್ನಿಟ್ಟೆವು. ಊದಿದರೆ ನಿಜವಾಗಿಯೂ ಮೂಕ; ಗೋಡೆಗೆ ಬಾಯಿಟ್ಟು ಊದಿದಂತೆ ಗಾಳಿ ತಿರುಗಿ ಬರುತ್ತಿತ್ತು. ಅವರು ಮೂರು ಮುಚ್ಚಳಗಳನ್ನು ತಿರುವಿ, ಪಿಸ್ಟನ್ನುಗಳನ್ನು ಹೊರಗೆಳೆದು, ಮೊಮ್ಮಗಳನ್ನು ಕರೆದು ಅವುಗಳ ಮೇಲಿನ ಅಂಕಿಗಳನ್ನು ಓದಿಸಿದರು. ಮೊದಲನೆಯ ಮನೆಯಲ್ಲಿ 3, ಮೂರನೆಯದರಲ್ಲಿ 1. ಯಾರೋ ತೊಳೆಯಲು ತೆಗೆದವರು ಅದಲುಬದಲಾಗಿ ಕೂಡಿಸಿದ್ದರು. ಒಂದೊಂದು ಪಿಸ್ಟನ್ನಿನ ರಂಧ್ರಗಳು ಅದರದರ ಕೊಳವೆಗೇ ಹೊಂದುವುದರಿಂದ ಸ್ಥಾನ ತಪ್ಪಿದರೆ ಗಾಳಿಗೆ ದಾರಿಯೇ ಇರುವುದಿಲ್ಲ. ಎಷ್ಟು ವರ್ಷ ಆ ವಾದ್ಯವು ಇಷ್ಟೇ ಕಾರಣಕ್ಕೆ ಮೂಕವೆನಿಸಿಕೊಂಡು ಬಿದ್ದಿತ್ತೋ! ಸರಿಮಾಡಿ ನಮ್ಮ ಕೈಗೆ ಕೊಟ್ಟರು. ಮೊದಲ ಉಸಿರಿಗೇ ಷಡ್ಜ ನಿಂತಿತು. ಹಾರ್ಮೋನಿಯಮ್ಮಿನ ಕರಿ ಐದಕ್ಕೆ ಸರಿಯಾದ ಷಡ್ಜ, ದುಂಡಗೆ, ತುಟಿಯನ್ನು ಬೇಡದೆ ಬಂದಿತು. ಕೊಟ್ಟಿಗೆಯ ಮೇಕೆಗಳು ತಲೆಯೆತ್ತಿದವು. ಉಸ್ತಾದರು ತಲೆಯಾಡಿಸಲಿಲ್ಲ, "ನಾಲಗಿ ದಪ್ಪ ಆಗ್ಯಾದ. ಹೊಟ್ಟು ಹಾರಿಸು" ಎಂದರು.

ಉಳಿದ ದುರಸ್ತಿ ಅಫಜಲಪುರದಲ್ಲಿಯೇ ಆಯಿತು. ಭಾಂಡೆಗೆ ಬೆಸುಗೆ ಹಾಕುವವರು ಎರಡು ಕಡೆ ಬೆಸೆದರು. ಗುಂಡಿಗಳ ಕೆಳಗಿನ ಮೆತ್ತೆಯನ್ನು ಮನೆಯವರು ಹಳೆಯ ಕಂಬಳಿಯ ಅಂಚಿನಿಂದ ಗುಂಡಗೆ ಕತ್ತರಿಸಿಕೊಟ್ಟರು. ತೀರ್ಥರೂಪರು ಕಾದಿಟ್ಟ ಟ್ರಂಪೆಟಿನ ಮೌತ್‌ಪೀಸು ಕೆಟ್ಟಿರಲಿಲ್ಲ, ಬೆಳ್ಳಿಯ ಲೇಪವೂ ಹೋಗಿರಲಿಲ್ಲ. ಅದನ್ನಾದರೂ ಕಾರ್ನೆಟಿಗೆ ಹಾಕಿಕೊಂಡು ಊದಬೇಕೆಂದು ಬಹಳ ಆಸೆಪಟ್ಟೆವು. ಹೋಗಲಿಲ್ಲ. ಟ್ರಂಪೆಟಿನ ಮೌತ್‌ಪೀಸಿನ ಹಿಡಿ ದಪ್ಪ, ಕಾರ್ನೆಟಿನ ಬಾಯಿ ಕಿರಿದು. ಅರ ಹಾಕಿ ಸಣ್ಣಗೆ ಮಾಡಿಕೊಡುತ್ತೇನೆಂದರು ಬೆಸುಗೆಯವರು. ಬೇಡವೆಂದೆವು. ಅದು ಈಗ ಟ್ರಂಪೆಟಿನಲ್ಲಿಯೇ ಇದೆ. ಟ್ರಂಪೆಟ್ ಪಡಸಾಲೆಯ ಗೂಟದ ಮೇಲೆ ಇದೆ.

ಹಲ್ಲು ಅಲುಗಾಡುವುದು ನಿಂತಿಲ್ಲವಾದರೂ ಹೆಚ್ಚಿಲ್ಲ. ಎಂಟು ತಿಂಗಳಿಗೆ ಒಂದೂವರೆ ಸಪ್ತಕದಷ್ಟು ಸ್ವರಗಳು ಕೈಗೆ ಬಂದವು. ಸೋಮವಾರ ರಾತ್ರಿ ನಮ್ಮ ಓಣಿಯ ಗುಡಿಯಲ್ಲಿ ಭಜನೆಯಾಗುತ್ತದೆ. ಎದುರುಮನೆಯ ಅಜ್ಜಿಯವರ ಮಗನೇ ಹಾರ್ಮೋನಿಯಮ್ ಹಿಡಿಯುವವನು. ಕಾರ್ನೆಟನ್ನು ತನ್ನಿರೆಂದು ಅವನು ಕರೆದಾಗ ಹಿಗ್ಗಿ ಹೋದೆವು. ಅಲ್ಲಿ ಹೊಸದೊಂದು ತೊಡಕು ಎದುರಾಯಿತು. ಅವರ ಭಜನೆಯ ಷಡ್ಜವು ಬಿಳಿ ಒಂದು. ನಮ್ಮ ವಾದ್ಯದಲ್ಲಿ ಆ ಸ್ವರಕ್ಕೆ ಒಂದನೆಯ ಮತ್ತು ಮೂರನೆಯ ಗುಂಡಿಗಳನ್ನು ಕೂಡಿ ಒತ್ತಬೇಕು. ಒಂದೊಂದು ಗುಂಡಿಯ ಕೊಳವೆಯನ್ನೂ ಒಂಟಿಯಾಗಿ ಒತ್ತಿದಾಗ ಸರಿಬರುವಂತೆ ಅಳೆದು ಮಾಡಿರುತ್ತಾರೆ. ಎರಡನ್ನು ಕೂಡಿಸಿದಾಗ ಬೇಕಾಗುವ ಉದ್ದಕ್ಕೆ ಅದು ಸಾಲದೆ, ಸ್ವರ ತುಸು ಏರಿ ನಿಲ್ಲುತ್ತದೆ. ಷಡ್ಜವೇ ಏರಿದರೆ ಭಜನೆಯ ಗತಿಯೇನು? ಮೊದಲ ಸೋಮವಾರ ಯಾರೂ ಏನೂ ಅನ್ನಲಿಲ್ಲ, ಆದರೆ ತಾಳದವರು ಎರಡು ಸಲ ನಮ್ಮ ಕಡೆ ನೋಡಿದರು.

ಗುರುವಾರ ಉಸ್ತಾದರಲ್ಲಿ ಇದನ್ನು ಹೇಳಿಕೊಂಡೆವು. ಅವರು ನಮ್ಮ ಎಡಗೈಯ ಉಂಗುರದ ಬೆರಳನ್ನು ಹಿಡಿದು, ಮೂರನೆಯ ಗುಂಡಿಯ ಕೊಳವೆಯ ಉಂಗುರದೊಳಗೆ ತೂರಿಸಿ, ಊದುತ್ತಿರುವಾಗಲೇ ಅದನ್ನು ಒಂದು ಗೋಧಿಕಾಳಿನಷ್ಟು ಹೊರಗೆ ನೂಕಿ, ಮತ್ತೆ ಒಳಗೆ ಎಳೆಯುವುದನ್ನು ತೋರಿಸಿದರು. "ಕಿವಿ ಹೇಳಿದಷ್ಟು ನೂಕು. ಎಂಟು ದಿನ ಬಿಳಿ ಒಂದು ಬಿಟ್ಟು ಬ್ಯಾರೆ ಸ್ವರ ಊದಬ್ಯಾಡ. ಬರೋ ಗುರುವಾರ ಕೇಳತೀನಿ" ಎಂದರು.

ಆ ಎಂಟು ದಿನಗಳಲ್ಲಿ ಇಂದಿಗೆ ಆರಾದವು. ಕೊಳವೆಯು ಕೆಲವೊಮ್ಮೆ ಗೋಧಿಕಾಳಿನ ಬದಲು ಕಡಲೆಕಾಳಿನಷ್ಟು ಹೋಗುತ್ತದೆ. ನಿನ್ನೆ ಸಂಜೆ ಮನೆಯವರು ಅಡುಗೆಮನೆಯಿಂದಲೇ, "ಈಗ ಇಳೀತು" ಎಂದರು.